ಶಾರ್ಜಾದ ಆ ನಂಬರು

ರಮ್ಲಾ ಮೆಮೊರಿ ಕಾರ್ಡಿನ ಹಳದಿ ಪಟ್ಟಿಗಳನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜುತ್ತಿದ್ದಾರೆ. ಉಜ್ಜಿ, ಊದಿ, ಕನ್ನಡಕವನ್ನು ಹಣೆಗೇರಿಸಿ ಬೆಳಕಿಗೆ ಹಿಡಿದು ನೋಡುತ್ತಾರೆ, ಮತ್ತೆ ಉಜ್ಜುತ್ತಾರೆ. ಬೆಳಿಗ್ಗೆ ಆರೂವರೆ. ಹಂಪನಕಟ್ಟೆಯಲ್ಲಿ ಮೊದಲ ಸಿಟಿ ಬಸ್ಸುಗಳ ಕಂಡಕ್ಟರುಗಳು ಈಗಷ್ಟೇ ಕೂಗಲು ಆರಂಭಿಸಿದ್ದಾರೆ, ಕೆಳಗಿನ ಚಪ್ಪಲಿ ಅಂಗಡಿಯ ಶಟರ್ ಇನ್ನೂ ಎದ್ದಿಲ್ಲ. ಮಹಡಿಯ ಮೇಲಿನ ಈ ಪುಟ್ಟ ಕೋಣೆಯಲ್ಲಿ ಮಾತ್ರ ಮೂರು ಕಂಪ್ಯೂಟರುಗಳು ಆಗಲೇ ಗುಂಯ್‌ಗುಡುತ್ತಿವೆ.

“ಈ ಹೊತ್ತಿಗೆ ಕರೆಂಟು ಒಂದೇ ಸಮ ಇರ್ತದೆ. ಸಾಯ್ಲಿಕ್ಕೆ ಹೊರಟ ಡಿಸ್ಕಿಗೆ ಅದೇ ಮದ್ದು” ಎನ್ನುತ್ತಾರೆ ಅವರು.

ಕೆಟ್ಟ ಫೋನು, ಕಾರ್ಡು, ಹಾರ್ಡ್ ಡಿಸ್ಕುಗಳ ಒಳಗೆ ಸಿಕ್ಕಿಹಾಕಿಕೊಂಡ ಫೋಟೊ, ವಿಡಿಯೊಗಳನ್ನು ಹೊರತೆಗೆದು ಕೊಡುವುದು ಐವತ್ತಾರರ ರಮ್ಲಾರ ಕೆಲಸ. ಬೋರ್ಡಿನ ಮೇಲೆ ಇರುವುದು ಮೊಬೈಲ್ ರಿಪೇರಿ ಅಂಗಡಿಯ ಹೆಸರು. ಅವರ ಹೆಸರು ಎಲ್ಲಿಯೂ ಇಲ್ಲ. ದಿನಕ್ಕೆ ಹತ್ತು ಬಂದರೆ ಏಳಕ್ಕೆ ಜೀವ ಬರುತ್ತದೆ. “ಉಳಿದ ಮೂರು ಮನೆಯವರಿಗೆ ಎಂತ ಹೇಳುವುದು ಅಂತ ಇನ್ನೂ ಕಲಿಯಲಿಲ್ಲ ನಾನು.”

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಮದುವೆಯಾದ ಮೇಲೆ, ಗಂಡ ಸಲಾಂ ಶಾರ್ಜಾಕ್ಕೆ ಹೋದ ವರ್ಷ, ಉರ್ವದ ಒಂದು ವಿಡಿಯೊ ಸ್ಟುಡಿಯೊದಲ್ಲಿ ಮದುವೆ ಕ್ಯಾಸೆಟ್ಟುಗಳ ಬೂಷ್ಟು ಒರೆಸಲು ಸೇರಿದರು. ಕ್ಯಾಸೆಟ್ ಹೋಗಿ ಸಿಡಿ ಬಂತು, ಸಿಡಿ ಹೋಗಿ ಕಾರ್ಡು ಬಂತು. ಕಡಲ ಗಾಳಿಯ ಬೂಷ್ಟು ಮಾತ್ರ ಎಲ್ಲಿಗೂ ಹೋಗಲಿಲ್ಲ. ಮಳೆಗಾಲದಲ್ಲಿ ಅವರ ಕಪಾಟಿನೊಳಗೆ ಹಗಲೂ ಒಂದು ಹಳೇ ಬಲ್ಬು ಉರಿಯುತ್ತಿರುತ್ತದೆ, ಡಿಸ್ಕುಗಳು ಬೆಚ್ಚಗಿರಲಿ ಎಂದು.

ಒಂಬತ್ತಕ್ಕೆ, ಕೊಟ್ಟುಹೋಗಿದ್ದ ಹಾರ್ಡ್ ಡಿಸ್ಕ್ ಒಯ್ಯಲು ಬಜಪೆಯಿಂದ ಗುರುವಪ್ಪ ಬರುತ್ತಾರೆ. ಮಸ್ಕತ್ತಿನಲ್ಲಿ ಇಪ್ಪತ್ತೆರಡು ವರ್ಷ ದುಡಿದು, ವೀಸಾ ಕ್ಯಾನ್ಸಲ್ ಮಾಡಿ ಹೋದ ತಿಂಗಳಷ್ಟೇ ಊರಿಗೆ ಮರಳಿದವರು.

“ರಮ್ಲಕ್ಕ, ಪೇಶೆಂಟ್ ಹೇಗಿದ್ದಾನೆ?”

“ಐಸಿಯುದಿಂದ ಹೊರಗೆ ಬಂದ. ಇವನನ್ನು ಎಲ್ಲಿ ಇಟ್ಟಿದ್ರಿ ನೀವು?”

“ಅಕ್ಕಿ ಡಬ್ಬದಲ್ಲಿ. ಥಂಡಿ ತಾಗಬಾರದು ಅಂತ.”

“ಭಾರೀ ಒಳ್ಳೇದಾಯ್ತು. ಕವರಿನ ಒಳಗೆ ಅಕ್ಕಿ ಹುಳದ ಸಂಸಾರವೇ ಉಂಟು ಮಾರಾಯ್ರೆ!”

ಗುರುವಪ್ಪ ನಗುತ್ತಾರೆ. “ಮಗಳು ಅನುಷ್ಕಾ ಹೇಳಿದ್ದು ಸರಿ ಹಾಗಾದ್ರೆ. ಎಲ್ಲ ಕ್ಲೌಡಿಗೆ ಹಾಕಿ ಪಪ್ಪ, ಅಲ್ಲಿ ಹುಳ ಹಿಡಿಯುದಿಲ್ಲ ಅಂತಾಳೆ. ಫೋನಿನದ್ದೆಲ್ಲ ಅಲ್ಲೇ ಉಂಟು.”

“ಹುಳ ಹಿಡಿಯುದಿಲ್ಲ, ಬೀಗ ಬೀಳ್ತದೆ. ನಿಮ್ಮ ಬೀಗದ ಓಟಿಪಿ ಯಾವ ನಂಬರಿಗೆ ಬರ್ತದೆ?”

“ಮಸ್ಕತ್ತಿನ...” ಎನ್ನುತ್ತಿದ್ದಂತೆ ಗುರುವಪ್ಪರ ನಗು ನಿಲ್ಲುತ್ತದೆ.

ಗಲ್ಫ್ ಬಿಟ್ಟು ಬರುವವರು ಮಂಚ ಒಬ್ಬರಿಗೆ, ಕುಕ್ಕರ್ ಇನ್ನೊಬ್ಬರಿಗೆ, ಸಿಮ್ ಮತ್ತೊಬ್ಬರಿಗೆ ಕೊಟ್ಟು ಬರುತ್ತಾರೆ. ಇಷ್ಟು ವರ್ಷದ ಫೋಟೊಗಳ ಕೀಲಿಕೈಯೂ ಆ ಸಿಮ್ಮಿನ ಜೊತೆ ಹೋಯಿತೆಂದು ಯಾರಿಗೂ ಹೊಳೆಯುವುದಿಲ್ಲ. ಸಿಮ್ ಮುಚ್ಚಿದರೆ ಕೆಲವು ತಿಂಗಳಲ್ಲಿ ನಂಬರು ಬೇರೆ ಯಾರದೋ ಆಗುತ್ತದೆ.

ಪುಣ್ಯಕ್ಕೆ ಗುರುವಪ್ಪರ ಸಿಮ್ ರೂಮಿನ ಗೆಳೆಯ ರೂಪೇಶನ ಬಳಿ ಇದೆ. ಅವನಿಗೆ ಫೋನ್ ಹೋಗುತ್ತದೆ, ಓಟಿಪಿಯ ಆರು ಅಂಕಿ ಬರುತ್ತವೆ, ಖಾತೆಯ ನಂಬರು ಬದಲಾಗುತ್ತದೆ. ಎರಡೇ ನಿಮಿಷ. ರಮ್ಲಾರ ತಲೆಯ ಮೇಲ್ಗಡೆ ಗೋಡೆಯಲ್ಲಿ, ಅವರೇ ಬರೆದು ಅಂಟಿಸಿದ ಎಚ್ಚರಿಕೆಯಿದೆ: ಓಟಿಪಿ ಯಾರಿಗೂ ಹೇಳಬೇಡಿ.

“ಈ ಎಚ್ಚರಿಕೆಯ ಅಡಿಯಲ್ಲೇ ಓಟಿಪಿ ಕೇಳಿದೆವಲ್ಲ ಅಕ್ಕ!”

“ನಿಮ್ಮದನ್ನು ನೀವು ಗುರ್ತದವರ ಹತ್ರ ಕೇಳಿದ್ದು. ಡಿಸ್ಕಿನಲ್ಲೂ ಒಂದು ಪ್ರತಿ ಇಡಿ, ಕ್ಲೌಡಿನಲ್ಲೂ ಒಂದು ಇಡಿ. ಅಕ್ಕಿ ಡಬ್ಬದಲ್ಲಿ ಅಕ್ಕಿ ಇಡಿ.”

“ನಿಮ್ಮದೆಲ್ಲ ಭದ್ರ ಇರಬೇಕು, ಅಲ್ವಾ?”

ರಮ್ಲಾ ರಬ್ಬರಿನ ಪುಡಿಯನ್ನು ಅಂಗೈಯಿಂದ ಒಟ್ಟುಮಾಡುತ್ತಾ ಕೂರುತ್ತಾರೆ. ಸಲಾಂ ಪ್ರತಿ ಶುಕ್ರವಾರ, ರಜೆಯ ದಿನ, ತಾನು ಅಡುಗೆ ಮಾಡುವುದನ್ನು ವಿಡಿಯೊ ಮಾಡಿ ಕಳಿಸುತ್ತಿದ್ದರು. “ರಮ್ಲಾ, ಇಲ್ಲಿ ನೋಡು, ಉಪ್ಪು ಸಾಕಾ?” ಎಂದು ಪಾತ್ರೆಯನ್ನು ಕ್ಯಾಮೆರಾದ ಹತ್ತಿರ ತರುತ್ತಿದ್ದರು. ರಮ್ಲಾರ ಫೋನು ತುಂಬಿದಾಗೆಲ್ಲ, “ಅಳಿಸು, ನನ್ನ ಕ್ಲೌಡಿನಲ್ಲಿ ಉಂಟಲ್ಲ” ಎನ್ನುತ್ತಿದ್ದರು. ಅಳಿಸಿದರು. ಶಾರ್ಜಾದಲ್ಲಿಯೇ ಹೃದಯಾಘಾತವಾಗಿ ಸಲಾಂ ತೀರಿಕೊಂಡು ಮುಂದಿನ ತಿಂಗಳಿಗೆ ಎರಡು ವರ್ಷ. ಮಣ್ಣು ಮಾಡಿದ್ದೂ ಅಲ್ಲಿಯೇ. ಪಾಸ್‌ವರ್ಡ್ ಯಾರಿಗೂ ತಿಳಿಯದು. ಅದನ್ನು ಬದಲಿಸಲು ಬೇಕಾದ ಓಟಿಪಿ ಹೋಗುವುದು ಈಗ ಬೇರೆ ಯಾರದೋ ಆಗಿರುವ ಶಾರ್ಜಾದ ಆ ನಂಬರಿಗೆ. ಕ್ಲೌಡಿನ ಕಂಪನಿಗೆ ಬರೆದರೆ ಯಂತ್ರದ ಉತ್ತರ ಬಂತು. ಎರಡು ವರ್ಷ ಯಾರೂ ತೆರೆಯದ ಖಾತೆ ಅಳಿಸಿಯೇ ಹೋಗಬಹುದೆಂದು, ಊರಿಗೆಲ್ಲ ಎಚ್ಚರಿಕೆ ಹೇಳುವ ರಮ್ಲಾರಿಗೆ ಚೆನ್ನಾಗಿ ಗೊತ್ತು.

“ಊರಿನವರ ಫೋಟೊ ಉಳಿಸಿದೆ. ನನ್ನ ಗಂಡನ ಸ್ವರ ನಾನೇ ಅಳಿಸಿದೆ” ಎಂದಷ್ಟೇ ಹೇಳುತ್ತಾರೆ.

ಆ ನಂಬರಿನವರಿಗೆ ಒಂದು ಕಾಗದ ಬರೆದು ಏಳು ತಿಂಗಳಾಯಿತು. ಬಿಲ್ಲಿನ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದದ್ದನ್ನು ಮಗಳು ಮರ್ವಾ ಇಂಗ್ಲಿಷಿಗೆ ಮಾಡಿ ಫೋನಿನಲ್ಲಿ ಹಾಕಿಕೊಟ್ಟಿದ್ದಾಳೆ. “ಕಳಿಸಿದ್ಯಾ ಉಮ್ಮ?” ಎಂದು ಕೇಳಿ ಕೇಳಿ ಸುಸ್ತಾಗಿದ್ದಾಳೆ. ವಾಟ್ಸಾಪಿನಲ್ಲಿ ಆ ನಂಬರು ಇನ್ನೂ ಸಲಾಂ ಹೆಸರಿನಲ್ಲೇ ಇದೆ. ಚಿತ್ರ ಮಾತ್ರ ಬದಲಾಗಿದೆ: ಯಾರದೋ ಪುಟ್ಟ ಮಗು, ಹಲ್ಲಿಲ್ಲದ ನಗು. ಸಲಾಂ ಕೊನೆಗೆ ಬರೆದದ್ದು ಹಾಗೆಯೇ ಉಳಿದಿದೆ: “ಇವತ್ತು ಮೀನು ಎಂತ ಸಿಕ್ಕಿತು?” ಅದರ ಕೆಳಗೆ ಪರರಿಗೆ ಬರೆದದ್ದು ಕೂತುಬಿಟ್ಟರೆ, ಅಲ್ಲಿ ಅವರಿಲ್ಲ ಎಂದು ತಾವೇ ಹೇಳಿದಂತಾಗುತ್ತದೆಂದು ಇಷ್ಟು ದಿನ ಕಳಿಸಲು ಕೈ ಬರಲಿಲ್ಲ.

“ನೀವೂ ಒಮ್ಮೆ ಕೇಳಿ ನೋಡಿ ಅಕ್ಕ” ಎನ್ನುತ್ತಾರೆ ಗುರುವಪ್ಪ, ರಮ್ಲಾ ತೋರಿಸಿದ ಆ ಚಿತ್ರ ನೋಡಿ, ಡಿಸ್ಕನ್ನು ಕರ್ಚೀಫಿನಲ್ಲಿ ಸುತ್ತುತ್ತಾ. “ನನಗೆ ಎರಡು ನಿಮಿಷ ಸಾಕಾಯ್ತು.”

“ನಿಮಗೆ ರೂಪೇಶ ಇದ್ದ. ನನಗೆ ಆ ಮಗುವಿನ ಮನೆಯವರ ಗುರ್ತ ಇಲ್ಲ.”

“ಗುರ್ತ ಮಾಡ್ಕೊಳ್ಳಿ.”

ಅವರು ಮೆಟ್ಟಿಲಿಳಿದ ಮೇಲೆ ರಮ್ಲಾ ಫೋನು ತೆಗೆದು, ಬರೆದದ್ದನ್ನು ಇನ್ನೊಮ್ಮೆ ಓದುತ್ತಾರೆ. “ನಿಮ್ಮ ಈ ನಂಬರು ಮೊದಲು ನನ್ನ ಗಂಡನದ್ದು. ಅವರ ಫೋಟೊಗಳ ಬೀಗದ ಓಟಿಪಿ ನಿಮಗೆ ಬರುತ್ತದೆ. ತಕ್ಷಣ ಕೊಡಬೇಡಿ. ಮೊದಲು ವಿಡಿಯೊ ಕಾಲ್ ಮಾಡಿ, ನನ್ನ ಮುಖ ನೋಡಿ, ನನ್ನ ಅಂಗಡಿ ನೋಡಿ. ನಂಬಿಕೆ ಬಂದರೆ ಮಾತ್ರ. ನಿಮ್ಮ ಮಗುವಿಗೆ ಒಳ್ಳೆಯದಾಗಲಿ.”

“ಕೊಡದಿದ್ರೆ ಬೈಯಲಿಕ್ಕೆ ಇಲ್ಲ” ಎಂದು ತಮ್ಮಷ್ಟಕ್ಕೆ ಅನ್ನುತ್ತಾರೆ, ಗೋಡೆಯ ಎಚ್ಚರಿಕೆಯತ್ತ ತಲೆಯೆತ್ತಿ. “ಕೊಡಬೇಡಿ ಅಂತ ನಾನೇ ಅಲ್ವಾ ಬರೆದದ್ದು? ಅವರು ಉಪ್ಪು ಸಾಕಾ ಅನ್ನುವುದು ಒಂದು ಸಲ ಕಿವಿಗೆ ಬಿದ್ರೆ ಸಾಕಿತ್ತು.”

ಮೊದಲು, ಮೀನು ಎಂತ ಎಂದು ಸಲಾಂ ಕೇಳಿದ್ದಕ್ಕೆ ಉತ್ತರವಾಗಿ, “ಬಂಗುಡೆ” ಎಂದೊಂದೇ ಪದ ಬರೆದು ಕಳಿಸುವ ಮನಸ್ಸಾಗುತ್ತದೆ, ಬರೆದು, ಅಳಿಸುತ್ತಾರೆ. ರಬ್ಬರಿನ ಪುಡಿ ಅಂಟಿದ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು, ಕಾಗದವನ್ನು ಕಳಿಸುತ್ತಾರೆ.