ಓದು ಬಾರದ ಗಾಯಕಿ

ಹುಬ್ಬಳ್ಳಿಯ ಒಂದು ಜಾನಪದ ಹಾಡಿನ ಕಂಪನಿಯಲ್ಲಿ ನನ್ನದು ಪ್ರಚಾರದ ಕೆಲಸ. ಹೊಸ ಹಾಡು ಬಂದಾಗ ಹಾಡಿದವರ ಬಗ್ಗೆ ಪತ್ರಿಕೆಯವರಿಗೆ, ಯೂಟ್ಯೂಬ್ ಚಾನೆಲ್‌ನವರಿಗೆ ಒಂದು ಕಥೆ ಕೊಡಬೇಕು. ನವಲಗುಂದದ ಹೆಣ್ಣುಮಗಳು ನಾನು, ಮಾತಿನಲ್ಲಿ ಯಾರಿಗೂ ಸೋತವಳಲ್ಲ.

ಗುಡಗೇರಿ ಹತ್ತಿರದ ಹಳ್ಳಿಯಿಂದ ಒಬ್ಬ ಹುಡುಗಿ ಬಂದಳು. ಕಳೆ ತೆಗೆಯುವಾಗ ತಾಯಿ ಹಾಡುತ್ತಿದ್ದ ಪದಗಳನ್ನು ಹಾಡಿದಳು. ದನಿ ಚೆನ್ನಾಗಿತ್ತು. ಆದರೆ ಅವಳು ಬಿ.ಎಡ್. ಮುಗಿಸಿದ್ದಳು, ಕಲಘಟಗಿ ಕಡೆಯ ಒಂದು ಖಾಸಗಿ ಶಾಲೆಗೆ ಅರ್ಜಿ ಹಾಕಿ ಕೂತಿದ್ದಳು. ಅದನ್ನು ಯಾರು ಓದುತ್ತಾರೆ? ಶಾಲೆಯ ಮೆಟ್ಟಿಲು ಹತ್ತದ ಕೂಲಿ ಹುಡುಗಿ ಎಂದು ಬರೆದು ಕಳಿಸಿದೆ.

ಪತ್ರಿಕೆ ನೋಡಿದ ಮೇಲೆ ಫೋನ್ ಮಾಡಿದಳು.

"ನನಗ ಓದಾಕ ಬರ್ತೈತ್ರಿ ಅಕ್ಕಾರ."

ನಾಲ್ಕು ದಿನ ಸುಮ್ಮನಿರು, ಹಾಡು ಓಡಲಿ ಎಂದೆ. ಹಾಡು ಓಡಿತು. ಒಂದು ಸನ್ಮಾನಕ್ಕೆ ಕರೆದರು. ಅಲ್ಲಿ ಅತಿಥಿಗಳ ಪುಸ್ತಕದಲ್ಲಿ ಸಹಿ ಹಾಕಲು ಪೆನ್ನು ತೆಗೆದುಕೊಂಡಿದ್ದಳು, ನಾನು ಅವಳ ಕೈಯಿಂದ ಕಸಿದುಕೊಂಡು ಶಾಯಿಯ ಡಬ್ಬಿ ಮುಂದಿಟ್ಟೆ. ಎದುರಿಗೆ ಕ್ಯಾಮೆರಾಗಳಿದ್ದವು. ನನ್ನ ಮುಖ ನೋಡಿದಳು, ಹೆಬ್ಬಟ್ಟು ಒತ್ತಿದಳು. ಆ ವಿಡಿಯೋ ಹಾಡಿಗಿಂತ ಹೆಚ್ಚು ಓಡಿತು. ಮಾಲೀಕರು ಎಲ್ಲರ ಮುಂದೆ ನನ್ನನ್ನು ಹೊಗಳಿದರು.

ಅದೇ ವಿಡಿಯೋ ಕಲಘಟಗಿಯ ಶಾಲೆಗೂ ಮುಟ್ಟಿತು. ಹೆಬ್ಬಟ್ಟು ಒತ್ತುವವಳು ನಮ್ಮ ಮಕ್ಕಳಿಗೆ ಏನು ಕಲಿಸುತ್ತಾಳೆ ಎಂದು ಪಾಲಕರು ಕೇಳಿದರಂತೆ. ಅವಳು ಸರ್ಟಿಫಿಕೇಟು ತೋರಿಸಿದರೆ ಕೊಂಡುಕೊಂಡದ್ದು ಅಂದರಂತೆ. ಶಾಲೆಯವರು ಬೇರೆಯವರನ್ನು ತೆಗೆದುಕೊಂಡರು.

ಮರುವಾರ ಅವಳ ಅಪ್ಪ ಸರ್ಟಿಫಿಕೇಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ನಮ್ಮ ಆಫೀಸಿಗೆ ಬಂದ. ಕೂಡ್ರಿ ಎಂದರೂ ಕೂಡ್ರಲಿಲ್ಲ. ಜಗಳ ಮಾಡಲಿಲ್ಲ.

"ನಾ ಹೆಬ್ಬಟ್ಟು ಒತ್ತಾವ್ರಿ ಅಕ್ಕಾರ. ನನ್ನ ಮಗಳು ಒತ್ತಬಾರದಂತ ಓದಿಸಿದ್ನಿ."

ಆ ಮಾತು ಕೇಳಿ ನನಗೆ ಮೊದಲು ಅನ್ನಿಸಿದ್ದು, ಇದೇ ಒಳ್ಳೆಯ ಕಥೆಯಾಗಿತ್ತಲ್ಲ, ಮೊದಲೇ ಸಿಗಬಾರದಿತ್ತೇ ಎಂದು. ಚಹಾ ತರಿಸಿದೆ. ಈಗ ಸುದ್ದಿ ತಿದ್ದಿದರೆ ನಿಮ್ಮ ಮಗಳೇ ಸುಳ್ಳುಗಾರ್ತಿ ಆಗುತ್ತಾಳೆ ಎಂದು ತಿಳಿಹೇಳಿ ಕಳಿಸಿದೆ. ಅವನು ಚಹಾ ಮುಟ್ಟಲಿಲ್ಲ.

ಅವಳು ಸುಮ್ಮನಿರಲಿಲ್ಲ. ತಾನು ಓದಿದವಳೆಂದು, ಹೆಬ್ಬಟ್ಟು ಒತ್ತಿದ್ದು ತಪ್ಪಾಯಿತೆಂದು ಫೇಸ್‌ಬುಕ್ಕಿನಲ್ಲಿ ಬರೆದಳು. ಒಂದು ಅಕ್ಷರ ತಪ್ಪಿರಲಿಲ್ಲ. ಕೆಳಗೆ ಜನ, ಇದನ್ನು ಯಾರು ಬರೆದುಕೊಟ್ಟರು ಎಂದು ಕೇಳುತ್ತಿದ್ದರು. ಪತ್ರಿಕೆಯವನೊಬ್ಬ ನನಗೆ ಫೋನ್ ಮಾಡಿ ನಿಜವೇನು ಎಂದ. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಸಿಗುತ್ತಿರಲಿಲ್ಲ.

"ಪಾಪ, ಆಕಿ ತಮ್ಮ ಬರದಾನ್ರಿ," ಎಂದೆ.

ಅವಳಿಗೆ ತಮ್ಮನೇ ಇರಲಿಲ್ಲ.

ಕರಾರಿನಂತೆ ಇನ್ನೆರಡು ಹಾಡು ಬಾಕಿ ಇದ್ದವು. ಬಂದಳು. ಹೊಸ ಪದಗಳು, ಬಾಯಿಪಾಠ ಮಾಡಿರಲಿಲ್ಲ. ಹಾಳೆ ಹಿಡಿದು ಓದುತ್ತಲೇ ಹಾಡಿದಳು. ಹಾಳೆ ಕಾಣದಂತೆ ಶೂಟಿಂಗ್ ಮಾಡು ಎಂದು ಕ್ಯಾಮೆರಾದವನಿಗೆ ನಾನೇ ಹೇಳಿದೆ. ಅದು ಅವಳ ಕಿವಿಗೆ ಬಿತ್ತು. ಒಂದು ಸಾಲಿನ ನಡುವೆ ನಿಲ್ಲಿಸಿ, ಮತ್ತೆ ಮೊದಲಿನಿಂದ ಹಾಡಿದಳು.

ಆಮೇಲೆ ಅವಳು ಎಲ್ಲಿಯೂ ಹಾಡಿಲ್ಲ. ಅಣ್ಣಿಗೇರಿಯ ಒಂದು ಅರಿವೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸಕ್ಕಿದ್ದಾಳೆಂದು ಕೇಳಿದ್ದೇನೆ. ಆ ದಾರಿಯಲ್ಲಿ ತಿಂಗಳಿಗೆರಡು ಸಲ ಬಸ್ಸಿನಲ್ಲಿ ಹೋಗುತ್ತೇನೆ. ಇಳಿದಿಲ್ಲ.