ಹುತ್ತರಿ ಗೆಣಸಿನ ಚಪ್ಪರದಲ್ಲಿ ಕೋವಿ ಹೂ

ಮೊನ್ನೆ ಮೊಮ್ಮಗಳು ಪಾರುವಿನ ತಲೆ ಬಾಚುತ್ತಿದ್ದೆ. ಜಡೆ ನನ್ನ ಕೈಗೇ ಬಂತು.

ನಾನು ಎಳೆದದ್ದಲ್ಲ. ಸಿಕ್ಕು ಬಿಡಿಸುವಾಗ ನಾಲ್ಕು ಕೂದಲು ಬರುವುದು ಬೇರೆ. ಇದು ಬುಡದಿಂದಲೇ, ನೋವೇ ಇಲ್ಲದೆ, ಹುಲ್ಲಿನ ಹೊರೆಯಿಂದ ಒಂದು ಹಿಡಿ ಜಾರಿದ ಹಾಗೆ ಬಂತು. ಏಳು ವರ್ಷದ ಗೂಡೆ ಅದು. (ನಮ್ಮ ಅರೆಭಾಷೆಯಲ್ಲಿ ಹುಡುಗಿಗೆ ಗೂಡೆ ಅನ್ನುತ್ತೇವೆ.) ತಿರುಗಿ ನೋಡೀತು ಎಂದು ಜಡೆಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ.

"ಅಜ್ಜಿ, ಜಡೆ ಆತಾ?" ಎಂದು ಕೇಳಿತು. 

ಮಕ್ಕಳೇ, ಎರಡು ವಾರ ಪತ್ರಿಕೆಯ ಈ ಜಾಗದಲ್ಲಿ ನಾನು ಬರೆಯಲಿಲ್ಲ. ಅಜ್ಜಿಗೆ ಜ್ವರವೇ ಎಂದು ನಿಮ್ಮಲ್ಲಿ ಕೆಲವರು ಕಾರ್ಡು ಹಾಕಿದ್ದೀರಿ. ಜ್ವರವಲ್ಲ. ಹೆದರಿಕೆ, ಅದರ ಜೊತೆಗೆ ನಾಚಿಕೆ. ಊರ ಶಾಲೆಯಲ್ಲಿ ನಾಲ್ಕನೆಯ ಕ್ಲಾಸಿನವರೆಗೆ ಕಲಿತವಳು ನಾನು. ನಾಲ್ಕು ಜನರ ಮುಂದೆ ನನಗೆ ಮಾತು ಬರುವುದಿಲ್ಲ, ಕಾಗದದ ಮುಂದೆ ಮಾತ್ರ ಧೈರ್ಯ. ಈಗ ಕಾಗದದ ಮುಂದೆಯೂ ಅದು ಇಲ್ಲ. ಯಾಕೆ ಎಂದು ಕೊನೆಯಲ್ಲಿ ಹೇಳುತ್ತೇನೆ.

ಕೈಲ್ ಮುಹೂರ್ತದ ದಿನ ಕೋವಿಗೆ ಹೂ ಮುಡಿಸಿ ಪೂಜೆ ಮಾಡುವುದು ನಿಮಗೆಲ್ಲ ಗೊತ್ತು. ಬೇರೆ ಹೂ ನಡೆಯದು, ಕೋವಿ ಹೂವೇ ಆಗಬೇಕು. ಕೊಡವ ನೆರೆಯವರು ಅದನ್ನೇ ತೋಕ್ ಪೂ ಅನ್ನುತ್ತಾರೆ. ಬೆಂಕಿಯ ನಾಲಗೆಗಳು ಮೇಲಕ್ಕೆ ಚಾಚಿದ ಹಾಗೆ ಕೆಂಪು, ಹಳದಿ. ಬೇಲಿಯಲ್ಲಿ, ಕಾಡಂಚಿನಲ್ಲಿ ಬಳ್ಳಿಯಾಗಿ ಹಬ್ಬಿರುತ್ತದೆ. ಪಾರುವಿನ ಅಜ್ಜ ಇದ್ದಾಗ ಅವರೇ ಹೋಗಿ ತರುತ್ತಿದ್ದರು.

ಅವರು ತೀರಿಹೋದ ವರ್ಷ ನಮ್ಮ ಕೋವಿಗೆ ಹೂ ಇರಲಿಲ್ಲ. ಮಗ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಹಬ್ಬದ ಬೆಳಿಗ್ಗೆಯೂ ಆಳುಗಳ ಲೈನ್ ಮನೆಗಳಿಗೆ ಹೋಗಿ ಹಾಜರಿ ಹಿಡಿದೇ ಬರಬೇಕು. ನೆರೆಮನೆಯವರನ್ನು ಕೇಳೋಣವೆಂದರೆ ನನಗೆ ಬಾಯಿಲ್ಲ. ಪೂಜೆ ನೋಡಲು ಬಂದ ನೆಂಟರೊಬ್ಬರು ನಗುತ್ತಲೇ ಅಂದರು: "ಅತ್ತಿಗೆ ತಲೆಲೂ ಹೂ ಇಲ್ಲೆ, ಕೋವಿಲೂ ಹೂ ಇಲ್ಲೆ."

ನಾನೂ ನಕ್ಕೆ. ಆದರೆ ಆ ಮಾತು ಒಳಗೇ ಉಳಿಯಿತು.

ಮುಂದಿನ ಮಳೆ ಹಿಡಿಯುವ ಮೊದಲು ಕಾಡಂಚಿನಿಂದ ಎರಡು ಗಡ್ಡೆ ಕಿತ್ತು ತಂದು ಅಡಿಗೆಮನೆಯ ಹಿಂದೆ ನೆಟ್ಟೆ. ಬಳ್ಳಿಗೆ ಆಸರೆ ಬೇಕಲ್ಲ? ಗೆಣಸಿನ ಚಪ್ಪರ ಹೇಗೂ ಇತ್ತು. ಹುತ್ತರಿ ಹಬ್ಬಕ್ಕೆ ಬೇಯಿಸುವ, ಒಳಗೆ ನೇರಳೆ ಬಣ್ಣದ ಗೆಣಸಿನ ಚಪ್ಪರ. ಅದರ ಬುಡದಲ್ಲೇ ಊರಿದೆ. ಒಂದೇ ಗೊಬ್ಬರ, ಒಂದೇ ಆಸರೆ. (ಎಷ್ಟು ಜಾಣೆ ನೋಡಿ!) ಆ ವರ್ಷ ಮಗ ಅಂಗಳ ದಾಟದೆ ಹೂ ಕೊಯ್ದು ಕೋವಿಯ ಬಾಯಿಗೆ ಸಿಕ್ಕಿಸಿದ. ಆ ನೆಂಟರು ಕಾಣಲಿ ಎಂದು ನಾನು ಬಾಗಿಲ ಮರೆಯಲ್ಲಿ ನಿಂತು ಕಾದೆ.

ವಿಷವೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗಡ್ಡೆ ತಿಂದು ಸತ್ತವರ ಸುದ್ದಿಯನ್ನು ಚಿಕ್ಕಂದಿನಲ್ಲೇ ಕೇಳಿದ್ದೆ. ಆದರೆ ಹೂವಿನ ಗಿಡ ತಾನೆ, ಅದನ್ನು ಯಾರು ತಿನ್ನುತ್ತಾರೆ?

ಕೈಲ್ ಮುಹೂರ್ತ ಮಳೆಯ ಕೊನೆಗೆ. ಹೊಸ ಕದಿರು ಕೊಯ್ದು ತರುವ ಹುತ್ತರಿ ಭತ್ತ ಬಲಿತ ಮೇಲೆ. ಅಷ್ಟರಲ್ಲಿ ಎರಡು ಬಳ್ಳಿಯೂ ಒಣಗಿ ಕಡ್ಡಿಯಾಗಿರುತ್ತವೆ. ಎಲೆ ಇಲ್ಲ, ಹೂ ಇಲ್ಲ. ಮಣ್ಣಿನ ಕೆಳಗೆ ಇರುವುದರಲ್ಲಿ ಯಾವುದು ಯಾವ ಬಳ್ಳಿಯದು?

ಈ ಸಲದ ಹುತ್ತರಿಯ ಬೆಳಿಗ್ಗೆ ಸೊಸೆ ದೇವಕಿ ಗೆಣಸು ಅಗೆದಳು. ಪಾರು ಮಣ್ಣು ಕೊಡವಿ ಬುಟ್ಟಿಗೆ ಹಾಕಿತು. ದೊಡ್ಡವು ಹಬ್ಬಕ್ಕೆ. ಬೆರಳುದ್ದದ ಚಿಳ್ಳೆಪಿಳ್ಳೆಗಳು ಪಾರುವಿಗೆ. ಅದು ಅವನ್ನು ಬಚ್ಚಲ ಒಲೆಯ ಕೆಂಡದಲ್ಲಿ ಸುಡಲು ಕೂತಿತು. ದೇವಕಿ ಒಳಗೆ ಅರೆಯುತ್ತಿದ್ದಳು. ನಾನು ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದೆ.

"ಅವ್ವ, ಈ ಗೆಣಸು ಒಳಗೆ ಬಿಳಿ ಉಟ್ಟು," ಎಂದು ಪಾರು ಕೂಗಿತು. (ಉಟ್ಟು ಅಂದರೆ ಉಂಟು.)

"ಬಿಳಿದೂ ಉಟ್ಟು ಮಗಾ, ತಿನ್ನ್," ಎಂದಳು ದೇವಕಿ, ಅರೆಯುವ ಕಲ್ಲಿನಿಂದ ಮುಖ ಎತ್ತದೆ.

ಅವಳ ತವರಿನಲ್ಲಿ ಬಿಳಿ ಗೆಣಸು ಬೆಳೆಯುತ್ತಾರೆ. ಸುಳ್ಳು ಹೇಳಿದ್ದಲ್ಲ. ಆ ಮಾತು ನನ್ನ ಕಿವಿಗೂ ಬಿತ್ತು. ನಮ್ಮ ಚಪ್ಪರದಲ್ಲಿ ಬಿಳಿ ಗೆಣಸು ಎಲ್ಲಿಂದ ಬರಬೇಕು ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಾನು ಅಕ್ಕಿಯಲ್ಲಿ ಕಲ್ಲು ಹುಡುಕುತ್ತಿದ್ದೆ.

ಅರ್ಧ ಗಂಟೆಯ ಮೇಲೆ ಬುಟ್ಟಿಯನ್ನು ತೊಳೆಯಲು ಎತ್ತಿಕೊಂಡೆ. ತಳದಲ್ಲಿ ಒಂದು ಗಡ್ಡೆ ನೇಗಿಲಿನ ಹಾಗೆ ಬಾಗಿ ಕೂತಿತ್ತು. ಮುರಿದೆ. ಒಳಗೆ ಹಾಲಿನ ಬಿಳಿ. 

ಬಚ್ಚಲಿಗೆ ಓಡಿ ಗೂಡೆಯ ರಟ್ಟೆ ಹಿಡಿದು ಅರಚಿದೆ: ಇದನ್ನ ತಿಂದಿಯಾ? ಅಜ್ಜಿ ಅರಚಿದ್ದನ್ನು ಅದು ಹುಟ್ಟಿದ ಮೇಲೆ ಕೇಳಿರಲಿಲ್ಲ. ಮುಖ ಬಿಳಿಚಿಕೊಂಡು "ಇಲ್ಲೆ" ಎಂದಿತು.

ನಾನು ನಂಬಿದೆ. ನಂಬುವುದು ಸುಲಭವಾಗಿತ್ತು. ಒಲೆಯ ಬೂದಿಯಲ್ಲಿ ಸಿಪ್ಪೆ ಬಿದ್ದಿತ್ತು, ಅದು ಗೆಣಸಿನದೇ ಇರಬೇಕು ಎಂದುಕೊಂಡೆ. ನಿಮ್ಮ ಮನೆಯಲ್ಲಿ ಇಂಥದ್ದು ಆದರೆ (ಆಗುವುದು ಬೇಡ) ಮಗುವನ್ನು ಗದರಿಸಿ ಕೇಳಬೇಡಿ ಎಂದು ನಿಮ್ಮ ಅವ್ವಂದಿರಿಗೆ ಓದಿ ಹೇಳಿ. ಹೆದರಿದ ಮಗು ಹೇಳುವುದು ಒಂದೇ ಮಾತು.

ಮಧ್ಯಾಹ್ನ ಪಾರು ಊಟ ಬೇಡವೆಂದಿತು. ನಾಲಗೆ ಜುಮುಗುಡುತ್ತದೆ, ಗಂಟಲು ಉರಿಯುತ್ತದೆ ಎಂದಿತು. ಆಮೇಲೆ ವಾಂತಿ. ನಿಲ್ಲದ ವಾಂತಿ. ಆಗ ಮಡಿಲಲ್ಲಿ ಮಲಗಿಸಿಕೊಂಡು ಮೆಲ್ಲಗೆ ಕೇಳಿದೆ.

"ಅರ್ಧ ತಿಂದೆ ಅಜ್ಜಿ. ಕಹಿ ಇತ್ತ್. ಉಳ್ದದ್ದ್ ಬಿಸಾಡ್ದೆ."

ನನಗೆ ಏನಾಯಿತೋ, ದೇವಕಿಯ ಕಡೆ ತಿರುಗಿದೆ. ಅಗೆಯುವಾಗ ಕಣ್ಣು ಎಲ್ಲಿತ್ತು, ಬಿಳಿ ಅಂದಾಗ ಎದ್ದು ನೋಡಬಾರದಿತ್ತೇ ಎಂದು ಬಾಯಿಗೆ ಬಂದಂತೆ ಅಂದೆ. ಅವಳು ಮಗುವಿನ ಬಾಯಿ ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ.

"ನೆಟ್ಟದ್ದ್ ನಾನಲ್ಲ ಅತ್ತೆ," ಎಂದಳು.

ಮಗ ಎಸ್ಟೇಟಿನ ಲಾರಿಯನ್ನು ಕೇಳಿ ತಂದ. ಪಿಕ್ಕಿಂಗ್ ಕಾಲ, ಲಾರಿಯ ತುಂಬ ಕಾಫಿ ಹಣ್ಣಿನ ಚೀಲ. ಅವನ್ನು ದಾರಿಯ ಬದಿಗೆ ಇಳಿಸಿ ಮಗುವನ್ನು ಮಲಗಿಸಿದೆವು. ಆರು ಮೈಲಿ ಆಚೆ ಡಿಸ್ಪೆನ್ಸರಿ. ಅಲ್ಲಿ ಮದ್ದು ಕೊಡುವ ಡ್ರೆಸ್ಸರ್ ಮಲೆಯಾಳದವರು, ವಯಸ್ಸಾದವರು. ಏನು ತಿಂದಿದ್ದು ಎಂದು ಕೇಳಿದರು. ನನ್ನ ಸೆರಗಿನ ತುದಿಯಲ್ಲಿ ಆ ಮುರಿದ ಗಡ್ಡೆ ಗಂಟಿನೊಳಗಿತ್ತು. ಯಾವಾಗ ಕಟ್ಟಿದೆನೋ ನನಗೇ ನೆನಪಿಲ್ಲ. ಬಿಚ್ಚಿ ಮೇಜಿನ ಮೇಲಿಟ್ಟೆ.

ಅವರು ಅದನ್ನು ಮುಟ್ಟಲಿಲ್ಲ. "ಮೇಂದೋನ್ನಿ," ಎಂದು ತಮ್ಮ ಭಾಷೆಯಲ್ಲಿ ಅದರ ಹೆಸರು ಹೇಳಿದರು. "ಇದನ್ನ ತಂದದ್ದು ಒಳ್ಳೆದಾಯ್ತಮ್ಮ. ಇಲ್ಲಾಂದ್ರೆ ನಾನು ಕಾಲರ ಅಂತ ತಿಳೀತಿದ್ದೆ."

ರಬ್ಬರಿನ ಕೊಳವೆಯನ್ನು ಗಂಟಲಿಗೆ ಇಳಿಸಿ ಹೊಟ್ಟೆ ತೊಳೆದರು. ನನ್ನಿಂದ ನೋಡಲಾಗಲಿಲ್ಲ. ದೇವಕಿ ನೋಡಿದಳು, ಕಾಲು ಹಿಡಿದುಕೊಂಡಳು. ಕತ್ತಲಾದ ಮೇಲೆ ಸುತ್ತಲಿನ ಊರುಗಳಲ್ಲಿ ಕದಿರು ತೆಗೆದರು. ಒಂದೊಂದು ಗದ್ದೆಯಿಂದ, ಕದಿರು ಕೊಯ್ಯುವಾಗ ಹಾರಿಸುವ ಕೋವಿಯ ಸದ್ದು. ಪ್ರತಿ ಸದ್ದಿಗೂ ಬೆಚ್ಚಿ ಪಾರುವಿನ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದೆ. ಉಸಿರು ಇದೆಯೇ? ಇದೆ. ಇನ್ನೊಂದು ಸದ್ದು. ಈಗ?

ಐದು ದಿನ ಹಾಗೇ ಕಳೆಯಿತು. ಆರನೆಯ ದಿನ ಕುಡಿದ ಗಂಜಿ ಹೊಟ್ಟೆಯಲ್ಲಿ ನಿಂತಿತು. ಜೀವಕ್ಕೆ ಭಯವಿಲ್ಲ ಎಂದರು ಪೇಟೆಯಿಂದ ಬಂದ ದೊಡ್ಡ ಡಾಕ್ಟರು. ಎರಡು ವಾರದಲ್ಲಿ ತಲೆಗೂದಲು ಉದುರಬಹುದು, ಆಮೇಲೆ ಬೆಳೆಯುತ್ತದೆ ಎಂದೂ ಹೇಳಿದರು. ಮೊದಲನೆಯದು ಹೇಳಿದ ಹಾಗೇ ಆಯಿತು. ಎರಡನೆಯದಕ್ಕೆ ಕಾಯುತ್ತಿದ್ದೇವೆ.

ಮಗ ಚಪ್ಪರ ಕಿತ್ತು ಮೊಣಕೈ ಆಳ ಅಗೆದ. ನಾನು ನೆಟ್ಟದ್ದು ಎರಡು. ಸಿಕ್ಕಿದ್ದು ಒಂಬತ್ತು. ಎಲ್ಲ ಬಂದವೇ? ಅದು ಗೊತ್ತಾಗುವುದು ಮುಂದಿನ ಮಳೆಗೆ.

ಈಗ ನಾನು ಹಿತ್ತಿಲಿಗೆ ಹೋದರೆ ಮೊದಲಿನ ಹಾಗೆ ನಡೆಯಲಾರೆ. ಬಾವಿಯ ಬದಿಯ ಕಣಗಿಲೆಯಿಂದ ದಿನವೂ ಪೂಜೆಗೆ ಹೂ ಕೊಯ್ಯುತ್ತಿದ್ದೆ, ಅದೂ ವಿಷವಂತೆ. ಬೇಲಿಯ ಹರಳಿನ ಬೀಜದಲ್ಲಿ ಮಕ್ಕಳು ಆಟ ಆಡುತ್ತಿದ್ದರು. ಎಸ್ಟೇಟಿನ ದೊರೆಯ ಬಂಗಲೆಯ ಗಾರ್ಡನ್‌ನಿಂದ ಮಗ ಕಡ್ಡಿ ತಂದು ನೆಟ್ಟ ಬಿಳಿ ಗಂಟೆ ಹೂ, ಸಂಜೆ ಎಷ್ಟು ಪರಿಮಳ! ಅದು ದತ್ತೂರದ ಕುಲವೇ ಎಂದರು ಡಾಕ್ಟರು. ಇಷ್ಟು ವರ್ಷ ಇವುಗಳ ನಡುವೆಯೇ ಮಕ್ಕಳನ್ನು ಬಿಟ್ಟು ಒಳಗೆ ನಿಶ್ಚಿಂತೆಯಾಗಿ ಅಡಿಗೆ ಮಾಡಿದ್ದೇನೆ.

ನಮ್ಮ ಸೀಮೆಯಲ್ಲಿ ಕೋವಿಗೆ ಸರ್ಕಾರ ಲೈಸೆನ್ಸ್ ಕೇಳುವುದಿಲ್ಲ. ಆದರೂ ನಾವು ಅದನ್ನು ಎಲ್ಲೆಂದರಲ್ಲಿ ಇಡುತ್ತೇವೆಯೇ? ಮಕ್ಕಳ ಕೈಗೆ ಎಟುಕದ ಗೂಟಕ್ಕೆ ತೂಗುಹಾಕುತ್ತೇವೆ, ತೋಟೆಗಳನ್ನು ಬೇರೆ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುತ್ತೇವೆ. ಕೋವಿಯ ಹೆಸರಿನ ಹೂವನ್ನು ನಾನು ಗೆಣಸಿನ ಪಕ್ಕ ಊರಿದೆ. ಮುಂದಿನ ಕೈಲ್ ಮುಹೂರ್ತಕ್ಕೆ ನಮ್ಮ ಕೋವಿಗೆ ಹೂ ಇಲ್ಲದಿದ್ದರೆ ಇಲ್ಲ. ನೆಂಟರು ಏನು ಬೇಕಾದರೂ ಅನ್ನಲಿ.

ಇನ್ನು ಆ ನಾಚಿಕೆಯ ಮಾತು.

ಹೋದ ವರ್ಷ ಕೈಲ್ ಮುಹೂರ್ತದ ವಾರ, ಇದೇ ಜಾಗದಲ್ಲಿ, ನನ್ನ ಜಾಣತನವನ್ನು ನಿಮಗೆ ಹೇಳಿಕೊಂಡಿದ್ದೆ. ಕೋವಿ ಹೂವಿಗಾಗಿ ಕಾಡು ಅಲೆಯಬೇಡಿ, ಎರಡು ಗಡ್ಡೆ ತಂದು ಗೆಣಸಿನ ಚಪ್ಪರದ ಬುಡದಲ್ಲಿ ಊರಿ, ಚೆನ್ನಾಗಿ ಹಬ್ಬುತ್ತದೆ ಎಂದು ಬರೆದಿದ್ದೆ. ನೆಟ್ಟೆವು ಅಜ್ಜಿ, ಈ ವರ್ಷ ಹೂ ಬಿಟ್ಟಿತು ಎಂದು ನೀವು ಬರೆದ ಏಳು ಕಾರ್ಡು ನನ್ನ ಪೆಟ್ಟಿಗೆಯಲ್ಲಿವೆ. ಡಿಸ್ಪೆನ್ಸರಿಯಿಂದ ಬಂದ ದಿನವೇ ಆ ಏಳು ಮನೆಗೂ ಕಾಗದ ಹಾಕಿದೆ.

ಗೆಣಸು ಅಗೆಯುವ ಕಾಲ ಇನ್ನೂ ಮುಗಿದಿಲ್ಲ. ನನ್ನ ಮಾತು ಕೇಳಿ ನೆಟ್ಟು, ಕಾರ್ಡು ಮಾತ್ರ ಹಾಕದೆ ಇದ್ದ ಮನೆಗಳು ಎಷ್ಟು?