ವಿಮಾನದ ಎಣ್ಣೆಗೆಂದು ಹೊಂಗೆ ಹಚ್ಚಲು ಹೊರಟಾಗ

ನನ್ನ ದೊಡ್ಡವ್ವನ ಹೊಲ ದೇವಿಕೊಪ್ಪದ ಹತ್ತಿರ, ಕಾಡು ಶುರುವಾಗುವಲ್ಲಿದೆ. ತಗ್ಗಿನಲ್ಲಿ ಭತ್ತ, ದಿಬ್ಬದ ಮೇಲೆ ಗೋವಿನಜೋಳ. ದೊಡ್ಡಪ್ಪ ತೀರಿಕೊಂಡ ಮೇಲೆ ಏನು ಬಿತ್ತಬೇಕು, ಏನು ಬಿಡಬೇಕು ಎಂಬುದೆಲ್ಲ ಅವಳದೇ ನಿರ್ಧಾರ. ಈಚಿನ ಒಂದು ಬೇಸಿಗೆಯಲ್ಲಿ ಅವಳು ನನಗೆ ಫೋನ್ ಮಾಡಿ ನೇರವಾಗಿ ಕೇಳಿದಳು:

"ಅಲ್ಲಬೇ, ವಿಮಾನಕ್ಕ ಹುಲಗಲ ಎಣ್ಣಿ ಹಾಕ್ತಾರಂತ, ಖರೇನ?"

ನಮ್ಮ ಕಡೆ ಹುಲಗಲ ಎಂದರೆ ಹೊಂಗೆ ಗಿಡ. ಸಸಿ ಮಾರುವ ಕಂಪನಿಯೊಂದರ ಏಜೆಂಟ ಊರೂರು ತಿರುಗುತ್ತಿದ್ದ. ಹವಾಮಾನ ಕೆಡಬಾರದೆಂದು ಸರ್ಕಾರ ಹೊಸ ನಿಯಮ ತರುತ್ತಿದೆ, ಇನ್ನು ಮುಂದೆ ವಿಮಾನದವರು ಬೀಜದ ಎಣ್ಣೆಯಿಂದ ಮಾಡಿದ ಇಂಧನ ಬೆರೆಸಲೇಬೇಕು, ಹೊಂಗೆ ಬೀಜಕ್ಕೆ ಬಂಗಾರದ ಬೆಲೆ ಬರುತ್ತದೆ ಎಂದು ಹೇಳಿ ಹೋಗಿದ್ದ. ದೊಡ್ಡವ್ವ ದಿಬ್ಬದ ಹೊಲವನ್ನೆಲ್ಲ ಹೊಂಗೆಗೆ ಬಿಡುವ ಮನಸ್ಸು ಮಾಡಿದ್ದಳು. ಗುಂಡಿ ತೋಡಲು ಜೆಸಿಬಿಯವನಿಗೂ ಹೇಳಿಯಾಗಿತ್ತು. ಹೊಂಗೆ ಫಲ ಕೊಡಲು ನಾಲ್ಕೈದು ವರ್ಷವಾದರೂ ಬೇಕು. ಅಲ್ಲಿಯವರೆಗೆ ಮನೆ ನಡೆಸುವುದು ಹೇಗೆ ಎಂದು ಕೇಳಿದರೆ, "ಹೆಂಗರ ಆಕ್ಕೈತಿ ಬಿಡು" ಎಂದಳು.

ನಾನು ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಸ್ವಲ್ಪ ದಿನಕ್ಕೆ ಅದೇ ಏಜೆಂಟ ನನ್ನನ್ನೂ ಹುಡುಕಿಕೊಂಡು ಬಂದ. ವಿಮಾನ ಕಂಪನಿಯ ಅಧಿಕಾರಿಯೊಬ್ಬರು ದಿಲ್ಲಿಯಿಂದ ಬರುತ್ತಾರೆ, ದೇವಿಕೊಪ್ಪದಲ್ಲಿ ರೈತರ ಜೊತೆ ಮಾತಾಡುತ್ತಾರೆ, ಅವರ ಇಂಗ್ಲಿಷನ್ನು ಕನ್ನಡದಲ್ಲಿ ಹೇಳಲು ಒಬ್ಬರು ಬೇಕು ಎಂದ. ದೊಡ್ಡವ್ವನ ಊರು ಎಂಬ ಕಾರಣಕ್ಕೇ ಒಪ್ಪಿಕೊಂಡೆ.

ಬಂದವರು ಐವತ್ತು ದಾಟಿದ ಹೆಂಗಸು. ಕತ್ತರಿಸಿದ ನರೆಗೂದಲು, ಸಾದಾ ಕಾಟನ್ ಸೀರೆ. ದಾರಿಯಲ್ಲಿ ಮಿಶ್ರಿಕೋಟಿಯ ಹತ್ತಿರ ಚಹಾಕ್ಕೆ ನಿಂತಾಗ ತಮ್ಮ ಕೆಲಸವೇನೆಂದು ಹೇಳಿದರು. ಸರ್ಕಾರ ವಿಮಾನದ ಹೊಗೆಯ ಬಗ್ಗೆಯೋ ಇಂಧನದ ಬಗ್ಗೆಯೋ ಹೊಸ ನಿಯಮ ಯೋಚಿಸಿದಾಗಲೆಲ್ಲ ಅದನ್ನು ಓದಿ, ಕಂಪನಿಯ ಅಭಿಪ್ರಾಯ ಬರೆದು, ದಿಲ್ಲಿಯ ಕಚೇರಿಗಳಿಗೆ ಅಲೆದು ಮಾತಾಡುವುದು. ಬೀಜ ಬೆಳೆಯುವ ರೈತರನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಸಸಿ ಕಂಪನಿಯವರ ಕರೆಗೆ ಒಪ್ಪಿ ಬಂದಿದ್ದರು.

ಸಮುದಾಯ ಭವನದಲ್ಲಿ ಜನ ತುಂಬಿದ್ದರು. ಏಜೆಂಟ ಮೊದಲು ಉದ್ದಕ್ಕೆ ಭಾಷಣ ಮಾಡಿದ. ಅವನು ಕೂತ ಮೇಲೆ ದೊಡ್ಡವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಅಕ್ಕಾರ, ಈ ಎಣ್ಣಿ ತಗೊಳ್ಳಾಕಬೇಕು ಅಂತ ನಿಮಗ ಕಾಯ್ದೆ ಆಗೇತೇನ್ರಿ? ಇಲ್ಲಾ ನಿಮ್ಮ ಮನಸ್ಸಿಗೆ ಬಂದ್ರ ಅಷ್ಟ ತಗೋತೀರೇನ್ರಿ?"

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅಧಿಕಾರಿ ನಿಧಾನವಾಗಿ ಹೇಳತೊಡಗಿದರು. ಇಂತಿಷ್ಟು ಬೆರೆಸಬೇಕು ಎಂಬ ಗುರಿಗಳಿವೆ. ಆದರೆ ಮೊದಲು ಹೊರದೇಶಕ್ಕೆ ಹೋಗುವ ವಿಮಾನಗಳಿಗೆ, ಅದೂ ಸ್ವಲ್ಪವೇ ಸ್ವಲ್ಪ. ಈ ಇಂಧನ ತುಟ್ಟಿ. "ನಾವು ಜಾಹೀರಾತಿನಲ್ಲಿ ಹಸಿರು ಅನ್ನುತ್ತೇವೆ. ಅದೇ ಹೊತ್ತಿಗೆ ಸರ್ಕಾರಕ್ಕೆ ಅವಸರ ಮಾಡಬೇಡಿ ಎಂದು ಮನವಿಯನ್ನೂ ಕೊಡುತ್ತೇವೆ. ಆ ಮನವಿ ಬರೆಯುವವರಲ್ಲಿ ನಾನೂ ಒಬ್ಬಳು. ಕರಿದು ಉಳಿದ ಎಣ್ಣೆಯಿಂದ ಇಂಧನ ಮಾಡುತ್ತಾರೋ ಕಬ್ಬಿನಿಂದಲೋ, ಅದೂ ನಿಶ್ಚಯವಿಲ್ಲ. ಹೊಂಗೆಯನ್ನೇ ಕೊಳ್ಳುತ್ತೇವೆ ಎಂದು ನಮ್ಮ ಕಂಪನಿ ಯಾರಿಗೂ ಮಾತು ಕೊಟ್ಟಿಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ಏಜೆಂಟ ನನ್ನ ಕಿವಿಯ ಹತ್ತಿರ ಬಂದ. "ಮೇಡಂ, ಇದೆಲ್ಲಾ ಹೇಳಬ್ಯಾಡ್ರಿ. ಮುಂದ ಚಲೋ ಆಕ್ಕೈತಿ ಅಂತ ಹೇಳಿ ಮುಗಿಸಿಬಿಡ್ರಿ."

ಅಧಿಕಾರಿಗೆ ಕನ್ನಡ ಬರದಿದ್ದರೂ ಅವನ ಮುಖ ನೋಡಿ ಗೊತ್ತಾಗಿರಬೇಕು. "ನಾನು ಹೇಳಿದ್ದನ್ನು ಪೂರ್ತಿ ಹೇಳಿಬಿಡಿ, ಪ್ಲೀಸ್" ಎಂದರು. ಹೇಳಿದೆ.

"ಹಂಗಾರ ನಾವೇನ್ ಮಾಡೂಣ್ರಿ ಅಕ್ಕಾರ?" ದೊಡ್ಡವ್ವ ಇನ್ನೂ ನಿಂತೇ ಇದ್ದಳು.

ಕೊಳ್ಳುವವರು ಯಾರೆಂದು ಕರಾರು ಆಗುವವರೆಗೆ ಈಗಿನ ಬೆಳೆ ಬಿಡಬೇಡಿ, ಗಿಡದ ಮೇಲೆ ಆಸೆ ಇದ್ದರೆ ಬದುವಿನ ಮೇಲೆ ನಾಲ್ಕು ಹಚ್ಚಿರಿ ಎಂದು ಅಧಿಕಾರಿ ಹೇಳಿದರು. ಏಜೆಂಟ ಅಷ್ಟೊತ್ತಿಗೆ ಹೊರಗೆ ಹೋಗಿ ಗಾಡಿ ಚಾಲೂ ಮಾಡಿದ್ದ.

ಊಟ ದೊಡ್ಡವ್ವನ ಮನೆಯಲ್ಲಾಯಿತು. ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಅಷ್ಟು ಬಿಡಿಸಿ ಯಾಕೆ ಹೇಳಿದಿರಿ, ನಿಮಗೆ ತೊಂದರೆಯಾಗುವುದಿಲ್ಲವೇ ಎಂದು ನಾನು ಅಧಿಕಾರಿಯನ್ನು ಕೇಳಿದೆ.

"ಆಗಬಹುದು. ರೈತರಿಂದ ಬೀಜ ಬರುತ್ತದೆ ಎಂದು ದಿಲ್ಲಿಯ ಸಭೆಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ. ರೈತರೊಬ್ಬರು ಎದುರಿಗೆ ನಿಂತು ಕೇಳಿದ್ದು ಇದೇ ಮೊದಲು" ಎಂದು ಅವರು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ದೊಡ್ಡವ್ವ ಜೆಸಿಬಿಯವನಿಗೆ ಬೇಡವೆಂದು ಹೇಳಿ ಕಳಿಸಿದಳು. ಆ ಮಳೆಗಾಲ ಗೋವಿನಜೋಳ ಸೊಗಸಾಗಿ ಬಂತು. ಏಜೆಂಟನ ಮಾತು ನಂಬಿ ಬೇರೆ ಕಡೆ ಹೊಲಪೂರ್ತಿ ಸಸಿ ನೆಟ್ಟಿದ್ದ ನಮ್ಮ ದೂರದ ಸಂಬಂಧಿಕರು ಬೀಜ ಕೊಳ್ಳುವವರು ಯಾರೆಂದು ಕೇಳಲು ಅವನಿಗೆ ಫೋನ್ ಮಾಡಿ ಮಾಡಿ ಸಾಕಾದರು, ಅವನು ಎತ್ತಲಿಲ್ಲ. ಆ ಸುದ್ದಿ ಕೇಳಿದಾಗ ನನಗೆ ಖುಷಿಯೇನೂ ಆಗಲಿಲ್ಲ. ದೊಡ್ಡವ್ವ ಮಾತ್ರ ದೇವರ ಜಗಲಿಯ ಕಡೆ ತಿರುಗಿ ಕೈಮುಗಿದಳು.

ಕೆಲವು ತಿಂಗಳ ಮೇಲೆ ಅಧಿಕಾರಿಯ ಫೋನ್ ಬಂತು. ಅವರ ಕಂಪನಿ ಸರ್ಕಾರಕ್ಕೆ ಕೊಟ್ಟ ಹೊಸ ಅಭಿಪ್ರಾಯದಲ್ಲಿ, ಬೀಜ ಬೆಳೆಯಿರಿ ಎಂದು ರೈತರಿಗೆ ಹೇಳುವ ಮೊದಲು ಕೊಳ್ಳುವ ಹೊಣೆ ಯಾರದೆಂದು ನಿಯಮದಲ್ಲೇ ಇರಬೇಕು ಎಂಬ ಮಾತು ಸೇರಿದೆಯಂತೆ. ಅದಕ್ಕಾಗಿ ಒಳಗೆ ಸಾಕಷ್ಟು ಜಗಳಾಡಬೇಕಾಯಿತಂತೆ. ಸರ್ಕಾರ ಅದನ್ನು ಒಪ್ಪಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮರುವರ್ಷ ದೊಡ್ಡವ್ವನ ಮಗಳಿಗೆ ಹೆಣ್ಣುಮಗು ಹುಟ್ಟಿತು. ಗೋವಿನಜೋಳ ಮಾರಿ ದೊಡ್ಡವ್ವ ಕಲಘಟಗಿಯ ಬಣ್ಣದ ತೊಟ್ಟಿಲು ಮಾಡಿಸಿದ್ದಳು. "ಆ ದಿಲ್ಲಿ ಅಕ್ಕಾರಿಗೂ ಹೇಳಬೇ" ಎಂದು ಹೆಸರಿಡುವ ದಿನಕ್ಕೆ ಕರೆಯಲು ಹಟ ಹಿಡಿದಳು. ಅಷ್ಟು ದೂರದಿಂದ ಯಾರು ಬರುತ್ತಾರೆ ಎಂದುಕೊಂಡೇ ಫೋನ್ ಮಾಡಿದೆ. ಅವರು ಬಂದರು. ಹುಬ್ಬಳ್ಳಿಯವರೆಗೆ ವಿಮಾನ, ಅಲ್ಲಿಂದ ನನ್ನ ಜೊತೆ ಬಸ್ಸಿನಲ್ಲಿ.

ಹೆಸರಿಡುವ ಶಾಸ್ತ್ರ ಮುಗಿದ ಮೇಲೆ ದೊಡ್ಡವ್ವ ಅವರನ್ನು ಚಾಪೆಯ ಮೇಲೆ ಕೂರಿಸಿ, ರವಿಕೆಗೆಂದು ಕುಬಸದ ಕಣ, ಅಕ್ಕಿ, ಕೊಬ್ಬರಿ ಬಟ್ಟಲು ಸೆರಗಿನಲ್ಲಿಟ್ಟು ಉಡಿ ತುಂಬಿದಳು. ಇದು ಯಾಕೆ ಎಂದು ಅವರು ನನ್ನನ್ನು ಕೇಳಿದರು. ಮನೆಮಗಳನ್ನು ಕಳಿಸಿಕೊಡುವಾಗ ಹೀಗೆ ಮಾಡುತ್ತಾರೆ ಎಂದೆ. ಅವರು ಎರಡೂ ಕೈಯಿಂದ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡು, ದೊಡ್ಡವ್ವನ ಕಾಲಿಗೆ ಬಗ್ಗಿದರು.